ಪಕ್ಕದ ಸೀಟಿನ ಬ್ರೇಕು

ನಮ್ಮವರ ಬಲಗಾಲಿಗೆ ಬುದ್ಧಿಯಿಲ್ಲ. ಮಿಕ್ಕ ಅಂಗಗಳಿಗೆ ಅಷ್ಟೋ ಇಷ್ಟೋ ಇದೆ, ಇಲ್ಲವೆನ್ನಲಾರೆ. ಆ ಕಾಲು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಸಿನಿಮಾದಲ್ಲಿ ಕಾರೊಂದು ಜೋರಾಗಿ ಬಂದರೆ ಮುಂದಿನ ಸೀಟಿನವರ ಬೆನ್ನಿಗೆ ಒದೆಯುತ್ತದೆ. ಕ್ಷೌರದಂಗಡಿಯಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೆ ಕುರ್ಚಿಯ ಕಾಲುಮಣೆಯನ್ನು ಅದುಮುತ್ತದೆ. ನಿದ್ದೆಯಲ್ಲಿ ನನ್ನ ಮೊಣಕಾಲಿಗೆ ಬಿದ್ದ ಒದೆಗಳ ಬಗ್ಗೆ ನಾನು ಯಾರಿಗೂ ದೂರು ಕೊಟ್ಟಿಲ್ಲ. ಕೊಟ್ಟಿದ್ದರೆ ಈ ಸಂಸಾರ ಯಾವತ್ತೋ ಕೋರ್ಟಿನ ಮೆಟ್ಟಿಲು ಹತ್ತುತ್ತಿತ್ತು.

ಕಾರಣ ದೊಡ್ಡದೇನಲ್ಲ. ನಮ್ಮವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರು ಸ್ಟೀರಿಂಗ್ ಹಿಡಿದು ಕೂರುತ್ತಾರೆ, ಇವರು ಪಕ್ಕದ ಸೀಟಿನಲ್ಲಿ. ಆ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದರೆ ಊರಿನ ಗೋಡೆಗಳು ಉಳಿಯಲಿ ಅಂತ. ಮದುವೆಗೆ ಮುಂಚಿನಿಂದ ಇವರ ಜೀವನ ಕಳೆದಿರುವುದು ಆ ಸೀಟಿನಲ್ಲೇ. ಸ್ಟೀರಿಂಗ್ ಇಲ್ಲ, ಗೇರ್ ಇಲ್ಲ, ಇರುವುದು ಒಂದು ಬ್ರೇಕು, ಮತ್ತೆ ಬಾಯಿ. ಬಾಯಿಯಲ್ಲಿ ಬರುವುದು ಒಂದೇ ಮಾತು: "ನಿಧಾನ!" ಊರಿನವರು ಇವರನ್ನು ಕರೆಯುವುದೂ ನಿಧಾನ ಮೇಷ್ಟ್ರು ಅಂತಲೇ.

ನಾನೂ ಇವರ ಹತ್ತಿರ ಕಲಿಯಲು ಹೋದವಳೇ. ಮೊದಲ ವಾರವೇ ಹಣ್ಣಿನ ಗಾಡಿಯೊಂದರ ಮೇಲೆ ಕಾರು ಹತ್ತಿಸುವುದರಲ್ಲಿದ್ದೆ. ಇವರು ಗಕ್ಕನೆ ಬ್ರೇಕು ಒತ್ತಿ, "ಕಣ್ಣು ಎಲ್ಲಿಟ್ಕೊಂಡಿದ್ದೀರಿ?" ಅಂದರು. "ನಿಮ್ಮ ಮೇಲೆ" ಅನ್ನುವ ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನುಂಗಿದ್ದು ಮುಖದಲ್ಲಿ ಕಂಡಿರಬೇಕು. ಆ ಮನುಷ್ಯನ ಕಿವಿ ಕೆಂಪಾಯಿತು. ಮದುವೆಯಾಯಿತು. ಲೈಸೆನ್ಸ್ ಮಾತ್ರ ನನಗೆ ಇವತ್ತಿಗೂ ಸಿಕ್ಕಿಲ್ಲ. "ಇನ್ನೂ ಸ್ವಲ್ಪ ಕಲೀಬೇಕು ಕಣೆ ನೀನು" ಅಂತ ಈಗಲೂ ಹೇಳುತ್ತಾರೆ, ಕೊಬ್ಬು ನೋಡಿ.

ಒಬ್ಬಳೇ ಮಗಳು. ಅವಳಿಗೂ ಕಲಿಸಿದ್ದು ಇವರೇ, ಸ್ಕೂಲಿನ ಹಿಂದಿನ ಮೈದಾನದಲ್ಲಿ, ಹಳೇ ಟೈರುಗಳನ್ನು ಸಾಲಾಗಿಟ್ಟು. ಅಪ್ಪನ "ನಿಧಾನ" ಕೇಳಿ ಕೇಳಿ ಆ ಹುಡುಗಿಗೆ ತಲೆ ಚಿಟ್ಟು ಹಿಡಿದು ಹೋಗಿರಬೇಕು. ಲೈಸೆನ್ಸ್ ಕೈಗೆ ಬಂದದ್ದೇ ತಡ, ರೇಸಿಗೆ ಸೇರಿದಳು! ಹವ್ಯಾಸಕ್ಕಲ್ಲ, ಹೊಟ್ಟೆಪಾಡಿಗೆ. ತಂಡ, ಸಂಬಳ, ಮೈತುಂಬ ಜಾಹೀರಾತಿನ ಅಂಗಿ, ಎಲ್ಲ ಇರುವ ಪಕ್ಕಾ ಪ್ರೊಫೆಷನಲ್. ಬೀದಿಯಲ್ಲಿ ಸಿಕ್ಕವರಿಗೆಲ್ಲ ಇವರು ಎದೆಯುಬ್ಬಿಸಿ ಹೇಳಿಕೊಂಡು ಬರುವರು, ಮನೆಗೆ ಬಂದು ಅವಳಿಗೆ ಬಯ್ಯುವರು. ನಾನು ನಡುವೆ ಕೂತು ಇಬ್ಬರಿಗೂ ಬಡಿಸುವೆ.

ಅವಳ ಮೊದಲ ದೊಡ್ಡ ರೇಸಿಗೆ ನಮ್ಮನ್ನು ಪಿಟ್ಟಿನೊಳಗೇ ಬಿಟ್ಟಿದ್ದರು. ಪಿಟ್ಟು ಅಂದರೆ ಟ್ರ್ಯಾಕಿನ ಪಕ್ಕದಲ್ಲಿ ತಂಡದವರು ಟೈರು, ಜಾಕು ಇಟ್ಟುಕೊಂಡು ನಿಲ್ಲುವ ಜಾಗ. ಮುಂದೆ ಒಂದು ಮೋಟುಗೋಡೆ. ಅಲ್ಲಿಂದ ಒಂದು ಬೋರ್ಡು ಚಾಚಿ, ಓಡುತ್ತಿರುವ ಕಾರಿಗೆ ಸಂದೇಶ ಕೊಡುತ್ತಾರೆ. ಬೋರ್ಡಿನಲ್ಲಿ ಏನಿದೆಯೋ ಅದನ್ನು ಓಡಿಸುವವರು ಮರುಮಾತಿಲ್ಲದೆ ಮಾಡಬೇಕು. ಮಗಳು ಮೂರನೆಯವಳಾಗಿ ಬರುತ್ತಿದ್ದಳು. ಬೋರ್ಡು ಹಿಡಿಯುವವನು ನೀರು ಕುಡಿಯಲು ಅದನ್ನು ಗೋಡೆಗೆ ಒರಗಿಸಿ ಆ ಕಡೆ ತಿರುಗಿದ. ನಾನು ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದೆ. ತಲೆ ಎತ್ತಿ ನೋಡಿದರೆ ನಮ್ಮವರು ಗೋಡೆಯ ಮೇಲೆ ಬೋರ್ಡು ಚಾಚಿಕೊಂಡು ನಿಂತಿದ್ದಾರೆ. ಅದರ ಮೇಲೆ ಬಳಪದಲ್ಲಿ ಇಷ್ಟು ದಪ್ಪ ಅಕ್ಷರಗಳಲ್ಲಿ, "ನಿಧಾನ"!

ಮುಂದೆ ಏನೋ ಅಪಘಾತವಾಗಿದೆ ಎಂದುಕೊಂಡು ಮಗಳು ವೇಗ ಇಳಿಸಿದಳು. ಹಿಂದಿದ್ದವರೆಲ್ಲ ಸೊಂಯ್ಯನೆ ಮುಂದೆ ಹೋದರು. ತಂಡದ ಯಜಮಾನ ತಲೆಯ ಮೇಲೆ ಕೈ ಹೊತ್ತು ಟೈರಿನ ಮೇಲೆ ಕುಸಿದು ಕೂತ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಜೊತೆಗೆ, ಸುಳ್ಳೇಕೆ, ನಗುವೂ ಬಂತು. ಮಗಳಿಗೆ ನಗು ಬರಲಿಲ್ಲ. ಹೆಲ್ಮೆಟ್ ತೆಗೆದು, "ಅಪ್ಪಾ, ಇನ್ಮೇಲೆ ನೀನು ಪಿಟ್ಟಿಗೆ ಬರ್ಬೇಡ. ಮನೇಲಿ ಟಿವಿಯಲ್ಲಿ ನೋಡು" ಅಂದಳು.

ಅವತ್ತಿನಿಂದ ಒಂದು ವರ್ಷ ಟಿವಿಯೇ ಗತಿ. ನೋಡುವುದಾದರೂ ನೆಟ್ಟಗೆ ನೋಡುತ್ತಾರೆಯೇ? ಪ್ರತಿ ತಿರುವಿಗೂ ನೆಲಕ್ಕೆ ಧಡ್ ಅಂತ ಕಾಲು. ಕೆಳಗಿನ ಮನೆಯಾಕೆ ಮೇಲೆ ಬಂದು, "ಏನ್ರೀ, ಭಾನುವಾರ ಏನು ಕುಟ್ತೀರಿ ನೀವು?" ಅಂತ ಕೇಳಿದರು. ಆ ಮಾತು ಹೇಳಿ ಇವರನ್ನು ನಗಿಸಲು ನೋಡಿದೆ, ನಗಲಿಲ್ಲ. ಮಗಳು ಫೋನು ಮಾಡುವಳು, ಮನೆಗೂ ಬರುವಳು, ಎಲ್ಲ ಮಾತಾಡುವಳು. ಪಿಟ್ಟಿನ ಮಾತು ಬಂದರೆ ಮಾತ್ರ ತುಟಿ ಬಿಗಿಯುವಳು. ಇವರಿಗೆ ಬೇಕಾಗಿದ್ದುದು ಅದೊಂದೇ, ಆ ಮೋಟುಗೋಡೆಯ ಹಿಂದೆ ನಿಲ್ಲುವ ಜಾಗ.

ಹಾಗಿರುವಾಗ ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ನಮ್ಮವರು ಸ್ಕೂಲಿನ ಕಾರನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಾರೆ.

"ಎಲ್ಲಿಗ್ರೀ ಸವಾರಿ?"

"ಟ್ರ್ಯಾಕಿಗೆ."

"ಮಗಳು ಬರಬೇಡ ಅಂದಿಲ್ವಾ?"

"ರೇಸಿಗೆ ಬರಬೇಡ ಅಂದಿದ್ದು. ಇವತ್ತು ರೇಸ್ ಇಲ್ಲ. ಇವತ್ತು ಯಾರು ಬೇಕಾದ್ರೂ ಕಾರ್ ತಂದು ಓಡಿಸಬಹುದು. ನಾನೂ ಓಡಿಸ್ತೀನಿ."

ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತುಬಿಟ್ಟೆ. ಇಂಥದ್ದನ್ನು ಬಿಟ್ಟುಕೊಡಲು ನನಗೇನು ಹುಚ್ಚೇ?

ಟ್ರ್ಯಾಕಿನವರು ತಿಂಗಳಿಗೊಮ್ಮೆ ಹೀಗೆ ಬಾಗಿಲು ತೆರೆಯುತ್ತಾರೆ. ಹಲ್ಲಿನ ಡಾಕ್ಟರು, ಬಟ್ಟೆ ಅಂಗಡಿಯವರು, ನಿವೃತ್ತ ಗುಮಾಸ್ತರು, ಯಾರಿಗೆ ಚಪಲವಿದೆಯೋ ಅವರೆಲ್ಲ ಬಂದು ಓಡಿಸುತ್ತಾರೆ. ಮುಂಚೆ ಈ ಹವ್ಯಾಸಿಗಳೇ ಬೇರೆ, ವೃತ್ತಿಯವರೇ ಬೇರೆ ಓಡಿಸುತ್ತಿದ್ದರಂತೆ. ಈಗ ಎಲ್ಲರನ್ನೂ ಒಟ್ಟಿಗೇ ಬಿಡುವ ಹೊಸ ಏರ್ಪಾಡು. ವೃತ್ತಿಯವರಲ್ಲಿ ಕೆಲವರು ಹವ್ಯಾಸಿಗಳ ಪಕ್ಕ ಕೂತು ಹೇಳಿಕೊಡಬೇಕು, ಮಿಕ್ಕವರು ಅದೇ ಹೊತ್ತಿನಲ್ಲಿ ತಮ್ಮ ತಾಲೀಮು ಮಾಡಿಕೊಳ್ಳಬೇಕು. ಇದು ಸರಿಯೋ ತಪ್ಪೋ ಅಂತ ಅಲ್ಲೇ ಚಹಾ ಕುಡಿಯುತ್ತಾ ಜಗಳ ನಡೆದಿತ್ತು. ತಲೆಗೆ ಜುಟ್ಟು ಕಟ್ಟಿದ ಒಬ್ಬ ರೇಸಿನವನು, "ಇವರ ಮಧ್ಯೆ ಓಡ್ಸೋದು ಅಂದ್ರೆ ಅಂಬೆಗಾಲಿಡೋ ಮಕ್ಕಳಿರೋ ಮನೇಲಿ ಫುಟ್‌ಬಾಲ್ ಆಡಿದ ಹಾಗೆ" ಅಂದ. ಹಲ್ಲಿನ ಡಾಕ್ಟರು ಬಿಟ್ಟಾರೆಯೇ? "ನಿಮ್ಮನ್ನ ನೋಡದೆ ನಾವು ಕಲಿಯೋದು ಹೇಗಪ್ಪಾ? ನಾಳೆ ಹಲ್ಲು ನೋವು ಅಂತ ನನ್ನ ಹತ್ರಾನೇ ಬರ್ತೀಯಲ್ಲ, ಆಗ ಮಾತಾಡೋಣ" ಅಂದರು.

ಮೇಲ್ವಿಚಾರಕರು ಎಲ್ಲರನ್ನೂ ನಿಲ್ಲಿಸಿ ಎಚ್ಚರಿಕೆ ಹೇಳಿದರು. ಮುಖ್ಯವಾದದ್ದು ಒಂದೇ: ತಿರುವಿನ ನಡುವೆ ಬ್ರೇಕು ಹಾಕಬಾರದು, ಹಾಕಿದರೆ ಕಾರಿನ ಹಿಂಭಾಗ ಜಾರಿ ಬುಗುರಿ ತಿರುಗಿದ ಹಾಗೆ ತಿರುಗುತ್ತದೆ. ಹಾಕುವುದಿದ್ದರೆ ತಿರುವಿಗೆ ಮುಂಚೆ. ಆಮೇಲೆ ಯಾರ ಪಕ್ಕ ಯಾರು ಅಂತ ಹಂಚತೊಡಗಿದರು. ಎರಡು ಬ್ರೇಕಿನ ನಮ್ಮ ಡಬ್ಬ ಕಾರನ್ನು ನೋಡಿ ರೇಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ಯಾರೂ ಮುಂದೆ ಬರಲಿಲ್ಲ. ಮೇಲ್ವಿಚಾರಕರಿಗೆ ನಮ್ಮ ಸಂಬಂಧ ಏನು ಗೊತ್ತು? ಹಿಂದೆ ನಿಂತಿದ್ದ ಹುಡುಗಿಯನ್ನು ಕರೆದು, "ನೀವು ಹೋಗಿಯಮ್ಮಾ, ಈ ಹಿರಿಯರ ಪಕ್ಕ ಕೂತ್ಕೊಳ್ಳಿ" ಅಂದರು.

ಆ ಹುಡುಗಿ ನಮ್ಮ ಮಗಳೇ! ಅಪ್ಪನನ್ನು ಕಂಡು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ನಾನು ಆಕಾಶ ನೋಡಿದೆ.

"ಅಪ್ಪಾ, ಏನಿದು?"

"ಏನು ಏನು? ದುಡ್ಡು ಕಟ್ಟಿದ್ದೀನಿ, ಓಡಿಸ್ತೀನಿ. ನಿನ್ನ ಪಿಟ್ಟಿಗೇನೂ ಬಂದಿಲ್ವಲ್ಲ."

"ಪಿಟ್ಟಿಗೆ ಬರೋ ಆಸೆ ಇನ್ನೂ ಇದೆಯಾ?"

ನಮ್ಮವರು ಬೂಟಿನ ತುದಿ ನೋಡುತ್ತಾ, "ಇದೆ" ಅಂದರು. ಅಷ್ಟು ಸಣ್ಣ ದನಿಯಲ್ಲಿ ಆ ಮನುಷ್ಯ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮಗಳು ಟ್ರ್ಯಾಕಿನ ಆ ತುದಿಗೆ ಕೈ ತೋರಿಸಿದಳು. "ಅಲ್ಲಿ ಕಾಣ್ತಿದೆಯಲ್ಲ, ದೊಡ್ಡ ತಿರುವು? ಈ ಕಾರಿಗೆ ಅಲ್ಲಿ ಬ್ರೇಕೇ ಬೇಡ, ಆಕ್ಸಿಲರೇಟರ್ ಬಿಟ್ರೆ ಸಾಕು. ಕೊನೇ ಸುತ್ತಲ್ಲಿ ಅಲ್ಲಿ ಬ್ರೇಕ್ ಮುಟ್ಟದೆ ಹೋಗು. ಹೋದ್ರೆ ಪಿಟ್ಟಿಗೆ ಬಾ. ಮುಟ್ಟಿದ್ರೆ ಟಿವಿ. ನಿನ್ನ ಕೈಲಾಗಲ್ಲ ಅಪ್ಪಾ. ಅದು ನಿನ್ನ ರೋಗ."

"ನೀನು ಮುಟ್ಟಿದ್ರೆ? ನಿನ್ನ ಕಾಲ ಕೆಳಗೂ ಒಂದು ಇರುತ್ತಲ್ಲ."

"ನಾನಾ? ನಾನು ಪ್ರೊಫೆಷನಲ್!"

"ಮುಟ್ಟಿದ್ರೆ ಅಂತ ಕೇಳಿದೆ."

"ಮುಟ್ಟಿದ್ರೆ ಜೀವಮಾನ ಪೂರ್ತಿ ಪಿಟ್ ನಿಂದೇ, ಹೋಗು."

ಪಂದ್ಯಕ್ಕೆ ನಾನೇ ಸಾಕ್ಷಿ. ಮುಖ ಮುಚ್ಚದ ಹೆಲ್ಮೆಟ್ ಹಾಕಿಕೊಂಡು ಇಬ್ಬರೂ ಕಾರಿನ ಕಡೆ ನಡೆದರು. ನಮ್ಮವರು ಗತ್ತಿನಿಂದ ಬಾಗಿಲು ತೆಗೆದು, ಕೂತು, ಬೆಲ್ಟು ಬಿಗಿದುಕೊಂಡರು. ಪಕ್ಕದ ಸೀಟಿನಲ್ಲಿ! ಮಗಳು ಹೊರಗೆ ನಿಂತು ಕಿಟಕಿ ತಟ್ಟಿದಳು. ಅಷ್ಟು ವರ್ಷದ ಅಭ್ಯಾಸ, ಪಾಪ, ಮುಂದೆ ಕೂರಲು ಇನ್ನೊಬ್ಬರಿದ್ದರೆ ಸ್ಟೀರಿಂಗ್ ಇರುವ ಕಡೆಗೆ ಆ ಮನುಷ್ಯನ ಕಾಲೇ ಹೋಗುವುದಿಲ್ಲ. ಹಲ್ಲಿನ ಡಾಕ್ಟರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮವರು ಇಳಿದು, ಸುತ್ತಿ ಬಂದು, ಸೀಟು ಸರಿಮಾಡಿ, ಕನ್ನಡಿ ಸರಿಮಾಡಿ, ಹಿಂದೆ ಮುಂದೆ ನೋಡಿ, ಕೈ ಹೊರಗೆ ಚಾಚಿ ಸಿಗ್ನಲ್ ಕೊಟ್ಟು ಹೊರಟರು. ಬಾವುಟ ಹಿಡಿದವನು ಬಾವುಟದಲ್ಲೇ ಬಾಯಿ ಮುಚ್ಚಿಕೊಂಡ.

ಕಾರಿನೊಳಗೆ ನಡೆದದ್ದನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿ, ಇಬ್ಬರ ಉತ್ಪ್ರೇಕ್ಷೆಯನ್ನೂ ಕಳೆದು ಹೇಳುತ್ತಿದ್ದೇನೆ. ಮೊದಲ ಸುತ್ತು ಎತ್ತಿನ ಬಂಡಿಯ ಹಾಗೆ ಹೋಯಿತಂತೆ. ಪ್ರತಿ ತಿರುವಿಗೂ ಮೊದಲೇ ಬ್ರೇಕು, ಬ್ರೇಕಿಗೂ ಮೊದಲೇ "ನಿಧಾನ" ಅಂತ ತಮಗೆ ತಾವೇ ಹೇಳಿಕೊಂಡರಂತೆ. ಜುಟ್ಟಿನವನು ಮತ್ತವನ ಬಳಗ ಕಾರಿನ ಎರಡೂ ಕಡೆಯಿಂದ ಚೀರುತ್ತಾ ದಾಟಿ ಹೋದರು. ಆಗ ಒಂದು ತಿರುವಿನಲ್ಲಿ ನಮ್ಮವರು ಪೋಂ ಪೋಂ ಅಂತ ಹಾರ್ನ್ ಬಾರಿಸಿದರು. ಗೋಡೆಯ ಹತ್ತಿರ ನಿಂತಿದ್ದ ನನಗೂ ಕೇಳಿಸಿತು. ಆ ಜಾಗದಲ್ಲಿ ಹಾರ್ನ್ ಕೇಳಿ ಯಾರಿಗೂ ರೂಢಿಯಿಲ್ಲ. ಎಲ್ಲರೂ ಬೆಚ್ಚಿ ನೋಡಿದರು.

"ಅಪ್ಪಾ! ಹಾರ್ನ್ ಯಾಕೆ?"

"ತಿರುವಲ್ವೇನೆ? ಎದುರಿಂದ ಯಾರಾದ್ರೂ ಬಂದ್ರೆ?"

"ಎದುರಿಂದ ಯಾರೂ ಬರಲ್ಲ! ಇಲ್ಲಿ ಎಲ್ಲಾರೂ ಹೋಗೋದು ಒಂದೇ ಕಡೆ!"

ನಮ್ಮವರು ಹಾರ್ನಿನಿಂದ ಕೈ ತೆಗೆದರಂತೆ. ಆಮೇಲೆ ಮೆಲ್ಲಗೆ, "ಯಾರೂ ಬರಲ್ವಾ?" ಅಂದರಂತೆ. "ಸೈಕಲ್?" "ಬರಲ್ಲ." "ಅಡ್ಡ ಓಡೋ ನಾಯಿ?" "ಇಲ್ಲಪ್ಪಾ." "ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ತುಳಿಯೋ ಸ್ಟೂಡೆಂಟು?" "ಇಲ್ಲ! ನೀನೇ ಓಡಿಸ್ತಿರೋದು!"

"ಎಂಥಾ ಒಳ್ಳೇ ರಸ್ತೆ ಕಣೆ ಇದು!" ಅಂದವರೇ ಗೇರು ಬದಲಾಯಿಸಿದರು ನೋಡಿ.

ಆ ಕ್ಷಣದಲ್ಲಿ ಅವರಿಗೆ ಹುಚ್ಚು ಹಿಡಿಯಿತು ಅನ್ನುವುದನ್ನು ಬಿಟ್ಟು ನನಗೆ ಬೇರೆ ಮಾತಿಲ್ಲ. ಎರಡನೇ ಸುತ್ತಿನಲ್ಲಿ ಕಾರು ಓಡಿತು. ಮೂರನೇ ಸುತ್ತಿನಲ್ಲಿ ಹಾರಿತು. ನಮ್ಮ ಡಬ್ಬ ಕಾರಿಗೆ ಅಂಥ ದನಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮಿಕ್ಸಿಗೆ ಚಮಚ ಬಿದ್ದ ಹಾಗೆ ಕಿರುಚುತ್ತಿತ್ತು. ನನ್ನ ಮುಂದೆ ಹಾಯುವಾಗ ನೋಡಿದೆ, ಆ ಮನುಷ್ಯ ಬಾಯಿ ಇಷ್ಟಗಲ ಮಾಡಿ ನಗುತ್ತಿದ್ದರು. ಪಕ್ಕದಲ್ಲಿ ಮಗಳೂ ಕೈ ಬೀಸಿ ಬೀಸಿ ದಾರಿ ತೋರಿಸುತ್ತಾ ನಗುತ್ತಿದ್ದಳು. "ಇನ್ನೂ ಒತ್ತು ಅಪ್ಪಾ! ಈಗ ಒಳಗೆ! ಈಗ ಹೊರಗೆ! ಭೇಷ್!" ಒಂದು ವರ್ಷದಿಂದ ನಗದ ಮುಖ ನಮ್ಮವರದು. ನಾನು ಗೋಡೆಯ ಹಿಂದೆ ನಿಂತಲ್ಲೇ ಕುಣಿದಾಡಿಬಿಟ್ಟೆ, ವಯಸ್ಸನ್ನೂ ನೋಡಲಿಲ್ಲ, ಸೊಂಟವನ್ನೂ ನೋಡಲಿಲ್ಲ.

ಕೊನೆಯ ಸುತ್ತು ಬಂತು. ನೇರ ದಾರಿಯಲ್ಲಿ ಹಲ್ಲಿನ ಡಾಕ್ಟರ ಫಳಫಳ ಹೊಳೆಯುವ ಕಾರು ಮುಂದಿತ್ತು. ನಮ್ಮವರು ಪಕ್ಕಕ್ಕೆ ತಂದರು, ಸಮಕ್ಕೆ ಬಂದರು, ದಾಟಿಯೇ ಬಿಟ್ಟರು! ಡ್ರೈವಿಂಗ್ ಸ್ಕೂಲಿನ ಕಾರು! ನಾನು "ಹೋ" ಅಂತ ಕೂಗಿದ್ದಕ್ಕೆ ಪಕ್ಕದಲ್ಲಿದ್ದವರ ಕೈಯ ಚಹಾ ತುಳುಕಿತು. ಅದೇ ರಭಸದಲ್ಲಿ ಕಾರು ದೊಡ್ಡ ತಿರುವಿಗೆ ನುಗ್ಗಿತು. ಹಿಂದಿನಿಂದ ಜುಟ್ಟಿನವನೂ ಬರುತ್ತಿದ್ದ. ನನ್ನ ಜೀವವೆಲ್ಲ ಕಣ್ಣಿಗೆ ಬಂತು. ಬೇಡ ಕಣ್ರೀ, ಬ್ರೇಕ್ ಮುಟ್ಟಬೇಡಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ತಿರುವಿನ ಅರ್ಧದವರೆಗೂ ಮುಟ್ಟಲಿಲ್ಲ.

ಆಮೇಲೆ ಹಿಂದಿನ ಕೆಂಪು ದೀಪ ಭಗ್ಗನೆ ಹತ್ತಿಕೊಂಡಿತು.

ಕಾರಿನ ಹಿಂಭಾಗ ಜಾರಿತು, ಕಾರು ಹುಲ್ಲಿಗೆ ಹೋಯಿತು, ಒಂದೂವರೆ ಸುತ್ತು ಗಿರ್ರನೆ ತಿರುಗಿ ಬಂದ ದಾರಿಗೇ ಮುಖ ಮಾಡಿ ನಿಂತಿತು. ಜುಟ್ಟಿನವನು ಪಕ್ಕದಲ್ಲೇ ಸರ್ರನೆ ದಾಟಿದ. ಧೂಳು. ಗೋಡೆ ಹತ್ತಲು ಹೋದವಳನ್ನು ಯಾರೋ ಹಿಡಿದುಕೊಂಡರು. ಧೂಳಿನೊಳಗಿಂದ ಕಾರು ಮೆಲ್ಲಗೆ ಹೊರಟು ವಾಪಸ್ ಬರುವುದನ್ನು ಕಂಡ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಇಬ್ಬರೂ ಇಳಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಜುಟ್ಟಿನವನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬಂದ. "ತಿರುವಿನ ಮಧ್ಯೆ ಬ್ರೇಕ್ ಹಾಕಿದ ಮಹಾನುಭಾವರು ಯಾರಪ್ಪಾ?" ಮೇಲ್ವಿಚಾರಕರೂ ಬಂದರು. ಒಳಗೆ ಇಣುಕಿ ಎರಡು ಬ್ರೇಕುಗಳನ್ನೂ ನೋಡಿ, "ಯಾರ ಕಾಲು?" ಅಂದರು. ರೇಸಿನವರೆಲ್ಲ ಸುತ್ತ ಸೇರಿದರು. ಮಗಳ ಮುಖ ಬಿಳಿಚಿಕೊಂಡಿತ್ತು.

"ನನ್ನದೇ ಸಾರ್" ಅಂದರು ನಮ್ಮವರು. "ಹಳೇ ಚಾಳಿ. ಒತ್ತಿಬಿಟ್ಟೆ. ಈ ಹುಡುಗೀದೇನೂ ತಪ್ಪಿಲ್ಲ."

"ನೋಡಿದ್ರಾ? ಇದಕ್ಕೇ ಹೇಳೋದು ಹವ್ಯಾಸಿಗಳನ್ನ ನಮ್ಮ ಜೊತೆ ಬಿಡಬಾರದು ಅಂತ!" ಅಂದ ಜುಟ್ಟಿನವನು.

"ಸರಿ ಕಣಪ್ಪಾ, ನೀನು ಹೇಳೋದು ಸರಿ" ಅಂದರು ನಮ್ಮವರು.

ಆ ಮನುಷ್ಯ ಸುಳ್ಳು ಹೇಳುವಾಗ ಎದುರಿನವರ ಮುಖ ನೋಡುವುದಿಲ್ಲ, ಅಂಗಿಯ ಗುಂಡಿ ನೋಡುತ್ತಾರೆ. ಮೇಲ್ವಿಚಾರಕರ ಅಂಗಿಯ ಎರಡನೇ ಗುಂಡಿಯನ್ನೇ ನೋಡುತ್ತಿದ್ದರು. ನನಗೆ ಎಲ್ಲ ಅರ್ಥವಾಯಿತು. ವರ್ಷವಿಡೀ ಕಾದಿದ್ದು, ಈಗಷ್ಟೇ ಗೆದ್ದಿದ್ದು, ಎರಡನ್ನೂ ಈ ಮನುಷ್ಯ ಮಗಳ ಮಾನಕ್ಕೆ ಅಡ್ಡ ಹಿಡಿದು ಬಿಟ್ಟುಕೊಟ್ಟಿದ್ದರು. ಹೇಳಿಬಿಡೋಣವೆಂದು ನನ್ನ ಬಾಯಿ ತುರಿಸಿತು. ಆದರೆ ಹೇಳಬೇಕಾದವಳು ನಾನಲ್ಲ. ಜುಟ್ಟಿನವನಂಥವರ ಮುಂದೆ ಅದನ್ನು ಒಪ್ಪಿಕೊಂಡರೆ ಇಡೀ ವರ್ಷ ಅವಳನ್ನು ಆಡಿಕೊಳ್ಳುತ್ತಾರೆ.

"ಸುಳ್ಳು" ಅಂದಳು ಮಗಳು.

ಎಲ್ಲರೂ ಅವಳ ಕಡೆ ತಿರುಗಿದರು.

"ಇವರ ಕಾಲು ಬ್ರೇಕಿನ ಹತ್ರಾನೂ ಹೋಗ್ಲಿಲ್ಲ. ಒತ್ತಿದ್ದು ನಾನು. ಎರಡೂ ಕಾಲಿಂದ ಒತ್ತಿದೆ."

ಜುಟ್ಟಿನವನು ಬಾಯಿ ತೆರೆದ. "ನೀನಾ? ತಿರುವಲ್ಲಿ? ಬ್ರೇಕಾ?"

"ಹೌದು ಕಣೋ, ನಾನೇ. ನಿಮ್ಮಪ್ಪ ಓಡ್ಸೋವಾಗ ಪಕ್ಕ ಕೂತು ನೋಡು, ಆಮೇಲೆ ಮಾತಾಡು!" ಅಂದವಳು ಅಪ್ಪನ ಕಡೆ ತಿರುಗಿದಳು. "ನಿನ್ನ ಮುಖ ನೋಡ್ದೆ ಅಪ್ಪಾ. ಚಿಕ್ಕ ಮಗು ಥರ ನಗ್ತಿದ್ದೆ. ಅಯ್ಯೋ, ಇವರಿಗೇನಾದ್ರೂ ಆಗ್ಬಿಟ್ರೆ ಅನ್ನಿಸ್ತು. ಕಲಿತಿದ್ದೆಲ್ಲ ಮರೆತುಹೋಯ್ತು. ಕಾಲು ತಾನಾಗೇ ಹೋಯ್ತು."

ನಮ್ಮವರು ಅವಳನ್ನು ಒಂದು ಗಳಿಗೆ ನೋಡಿದರು. ನಾನು ಏನೋ ದೊಡ್ಡ ಮಾತು ಬರುತ್ತದೆ ಎಂದು ಕಾದೆ. "ಮೀನಖಂಡ ಹಿಡ್ಕೊಂಡಿರಬೇಕಲ್ಲ?" ಅಂದರು. "ಮೊದಮೊದಲು ಹಾಗೇ. ಬಾ, ಕೂತ್ಕೋ, ತಿಕ್ಕಿಕೊಡ್ತೀನಿ."

ಅವಳು ಹುಲ್ಲಿನ ಮೇಲೆ ಧೊಪ್ಪನೆ ಕೂತಳು. ಇವರು ಮಂಡಿಯೂರಿ ಅವಳ ಬೂಟು ಬಿಚ್ಚಿ ಕಾಲು ತಿಕ್ಕತೊಡಗಿದರು, ಅಷ್ಟು ಜನರ ಮುಂದೆ, ಯಾವ ನಾಚಿಕೆಯೂ ಇಲ್ಲದೆ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ, ನಾನೂ ಎರಡನ್ನೂ ಮಾಡುತ್ತಿದ್ದೆ. ಜುಟ್ಟಿನವನು ಏನೂ ಆಡಿಕೊಳ್ಳಲಿಲ್ಲ. ದೂರ ಹೋಗಿ ಯಾರಿಗೋ ಫೋನು ಮಾಡಿ, "ಅಪ್ಪಾ, ಊಟ ಆಯ್ತಾ?" ಅಂತ ಕೇಳುತ್ತಿದ್ದ.

"ಮುಂದಿನ ತಿಂಗಳು ರೇಸಿದೆ, ಬಾ" ಅಂದಳು ಮಗಳು, ಮೂಗು ಒರೆಸಿಕೊಂಡು.

"ನಾನು ಪಂದ್ಯ ಗೆದ್ದೆ ಅಂತಾನಾ?"

"ಅದಕ್ಕಲ್ಲ. ಅಲ್ಲಿ ಎಲ್ಲಾರೂ ನನ್ನ ಟೈಮ್ ನೋಡ್ತಾರೆ ಅಪ್ಪಾ, ಟೈರ್ ನೋಡ್ತಾರೆ. ನನಗೆ ಏನಾಗುತ್ತೋ ಅಂತ ಹೆದರ್ಕೊಂಡು ನಿಂತಿರೋರು ಒಬ್ಬರಾದ್ರೂ ಇರ್ಲಿ."

ನಮ್ಮವರು ತಲೆ ಎತ್ತಲಿಲ್ಲ. ಕಾಲು ತಿಕ್ಕುತ್ತಲೇ ಇದ್ದರು, ಸಾಕು ಬಿಡಪ್ಪಾ ಅಂದರೂ ಬಿಡಲಿಲ್ಲ.